ವಾದ್ಯವೃಂದವೂ ನಾಡಿನ ಬಿಡುಗಡೆಯೂ

ಆಗಸ್ಟ್ 15ರ ಮುಂಜಾನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಯಾವ ಶಾಲೆಯ ಅಂಗಳದಲ್ಲಿ ತಾವು ನಿಂತರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಮಳೆಗೆ ತೊಯ್ದ ನೆಲ, ಒಗೆದು ಮಡಿಮಾಡಿದ ಸಮವಸ್ತ್ರ, ಧ್ವಜಸ್ತಂಭದ ಸುತ್ತ ರಂಗೋಲಿ. ಧ್ವಜ ಬಿಚ್ಚಿಕೊಂಡೊಡನೆ ಮಕ್ಕಳು ರಾಷ್ಟ್ರಗೀತೆ ಹಾಡುತ್ತಾರೆ. ಕೆಲವೆಡೆ ಧ್ವನಿವರ್ಧಕದಿಂದ ಬ್ಯಾಂಡಿನ ನಾದವೂ ಕೇಳಿಬರುತ್ತದೆ. ಸಾಲಿನಲ್ಲಿ ಕನ್ನಡ ಮನೆಮಾತಿನ ಮಗುವಿದೆ, ಮರಾಠಿ ಮನೆಮಾತಿನ ಮಗುವಿದೆ, ಉರ್ದು, ಕೊಂಕಣಿ ಆಡುವ ಮಕ್ಕಳಿದ್ದಾರೆ. ಹಾಡುತ್ತಿರುವುದು ಬಂಗಾಳದ ಕವಿಯೊಬ್ಬರು ಬರೆದ ಗೀತೆ. ಅದರ ಪದಗಳ ಅರ್ಥವನ್ನು ಒಂದೊಂದಾಗಿ ಬಿಡಿಸಿ ಹೇಳಿರೆಂದರೆ ಹಿರಿಯರಾದ ನಾವೂ ತಡವರಿಸಬಹುದು. ಆದರೂ ಮೊದಲ ಸ್ವರಕ್ಕೇ ಬೆನ್ನು ನೆಟ್ಟಗಾಗುತ್ತದೆ.

ಪದಕ್ಕಿಂತ ಮೊದಲು ನಾದ ನಮ್ಮನ್ನು ಮುಟ್ಟುತ್ತದೆ ಎಂದಾಯಿತು. ಹಾಗಾದರೆ ಆ ನಾದದಲ್ಲಿ ನಾಡಿನ ಬಿಡುಗಡೆಯೂ ಒಗ್ಗಟ್ಟೂ ನಿಜವಾಗಿ ನೆಲೆಸಿವೆಯೇ, ಇಲ್ಲವೇ ಬಾಲ್ಯದ ಅಭ್ಯಾಸದಿಂದ ನಾವೇ ಅವನ್ನು ಅದರ ಮೇಲೆ ಹೊರಿಸುತ್ತೇವೆಯೇ? ಹಲವು ವಾದ್ಯಗಳು ಕೂಡಿ ನುಡಿಸುವ ಸಂಗೀತ ಒಂದು ಜನತೆಯ ಸ್ವಾತಂತ್ರ್ಯವನ್ನು ಹೇಳಬಲ್ಲದೆಂದರೆ, ಹೇಳುವುದು ಯಾವ ಬಗೆಯಲ್ಲಿ? ಗಡಿಯಂಚಿನಲ್ಲಿ ಬಾಳುವ ನಮಗೆ, ಅದರಲ್ಲೂ ಸಂಖ್ಯೆಯಲ್ಲಿ ಕಿರಿದಾದ ಕ್ರೈಸ್ತ ಸಮುದಾಯಕ್ಕೆ, ಈ ಪ್ರಶ್ನೆ ಬರಿಯ ಸಂಗೀತದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಪದಕ್ಕಿಂತ ಮೊದಲು ಧಾಟಿ

ನಮ್ಮ ರಾಷ್ಟ್ರಗೀತೆಯ ಚರಿತ್ರೆಯಲ್ಲಿ ಬಹುಮಂದಿ ಓದದ ಪುಟವೊಂದಿದೆ. 1947ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೇರಿದಾಗ, ಒಂದು ಸಮಾರಂಭದಲ್ಲಿ ನುಡಿಸಲು ನಿಮ್ಮ ರಾಷ್ಟ್ರಗೀತೆಯನ್ನು ಕೊಡಿರೆಂದು ಭಾರತದ ನಿಯೋಗವನ್ನು ಕೇಳಲಾಯಿತು. ಹೊಸದಾಗಿ ಸ್ವತಂತ್ರವಾದ ದೇಶ ಇನ್ನೂ ಯಾವ ಗೀತೆಯನ್ನೂ ಅಂಗೀಕರಿಸಿರಲಿಲ್ಲ. ನಿಯೋಗದ ಬಳಿ ‘ಜನಗಣಮನ’ದ ಒಂದು ಧ್ವನಿಮುದ್ರಿಕೆ ಇತ್ತು. ಅದನ್ನೇ ಕೊಟ್ಟರು. ಅಲ್ಲಿನ ಆರ್ಕೆಸ್ಟ್ರಾ ಅದನ್ನು ಕೇಳಿ, ಅಭ್ಯಾಸ ಮಾಡಿ, ತುಂಬಿದ ಸಭೆಯ ಮುಂದೆ ನುಡಿಸಿತು. ಧಾಟಿ ಎಷ್ಟು ಮೆಚ್ಚುಗೆಯಾಯಿತೆಂದರೆ ಹಲವು ದೇಶಗಳ ಪ್ರತಿನಿಧಿಗಳು ಅದರ ಸ್ವರಲಿಪಿಯನ್ನು ಕೇಳಿದರು. 1948ರ ಆಗಸ್ಟ್ 25ರಂದು ಪ್ರಧಾನಿ ನೆಹರೂ ಅವರು ಸಂವಿಧಾನ ಸಭೆಯಲ್ಲಿ ಈ ಸಂಗತಿಯನ್ನು ವಿವರಿಸುತ್ತ, ರಾಷ್ಟ್ರಗೀತೆಯಲ್ಲಿ ಪದಗಳಿಗಿಂತ ಧಾಟಿಯೇ ಹೆಚ್ಚು ಮುಖ್ಯವೆಂದೂ, ಅದು ಭಾರತೀಯ ಸಂಗೀತದ ಪ್ರತಿಭೆಯನ್ನು ತೋರುವುದರ ಜೊತೆಗೆ ಆರ್ಕೆಸ್ಟ್ರಾಕ್ಕೂ ಬ್ಯಾಂಡಿಗೂ ಒಗ್ಗಬೇಕೆಂದೂ ಹೇಳಿದರು. 1950ರ ಜನವರಿ 24ರಂದು ಗೀತೆ ಅಧಿಕೃತವಾಯಿತು. ‘ವಂದೇ ಮಾತರಂ’ಗೂ ಸಮಾನ ಗೌರವವೆಂದು ಅಂದೇ ಘೋಷಿಸಲಾಯಿತು.

ತಾವು ಮುಂದಿನ ಬಾರಿ ಕೇಳುವಾಗ ಪದಗಳನ್ನು ಮನಸ್ಸಿನಿಂದ ಸರಿಸಿ, ಧಾಟಿಯೊಂದನ್ನೇ ಗಮನಿಸಿ. ಅದು ಹೆಚ್ಚಾಗಿ ಪಕ್ಕಪಕ್ಕದ ಸ್ವರಗಳಲ್ಲಿ ನಡೆಯುತ್ತದೆ. ಪಳಗಿದ ಗಾಯಕನೊಬ್ಬನೇ ಹತ್ತಬಲ್ಲ ಕಡಿದಾದ ಏರು ಅದರಲ್ಲಿಲ್ಲ. ಕೊನೆಯ ಜಯಘೋಷ ಮಾತ್ರ ಮೇಲಿನ ಷಡ್ಜವನ್ನು ಮುಟ್ಟಿ, ಮೆಟ್ಟಿಲಿಳಿದಂತೆ ಮೂರು ಹಂತಗಳಲ್ಲಿ ಇಳಿಯುತ್ತದೆ. ಬಳಿಕ ಕೆಳಗಿನ ಷಡ್ಜದಿಂದ ಎಲ್ಲರೂ ಕೈಹಿಡಿದು ಹತ್ತುವಂತೆ ಒಂದೊಂದೇ ಸ್ವರವಾಗಿ ಮತ್ತೆ ಏರುತ್ತದೆ. ಎಡವುವವನನ್ನೂ ಜೊತೆಗೆ ಕರೆದೊಯ್ಯುವ ಧಾಟಿ ಇದು. 52 ಸೆಕೆಂಡುಗಳಲ್ಲಿ ಅದು ಯಾರನ್ನೂ ಹಿಂದೆ ಬಿಡುವುದಿಲ್ಲ. ಒಗ್ಗಟ್ಟು ಎಂಬುದನ್ನು ಸಂಗೀತ ಹೇಳಬಲ್ಲದಾದರೆ, ಹೀಗೆ ಹೇಳುತ್ತದೆ.

ನಮ್ಮದಲ್ಲ ಎಂಬ ಆಕ್ಷೇಪ

ಇಲ್ಲೊಂದು ಆಕ್ಷೇಪ ಬರುವುದು ಸಹಜ. ನಮ್ಮ ಶಾಸ್ತ್ರೀಯ ಸಂಗೀತ ಒಬ್ಬ ಗಾಯಕನ, ಒಬ್ಬ ವಾದಕನ ಮನೋಧರ್ಮದ ಸಂಗೀತ. ಐವತ್ತು ಜನ ಕುಳಿತು ಬರೆದದ್ದನ್ನು ಓದಿ ನುಡಿಸುವ ಪದ್ಧತಿ ಪಶ್ಚಿಮದ್ದು. ಅದನ್ನು ನಮ್ಮ ನಾಡಿನ ಸ್ವಾತಂತ್ರ್ಯದ ದನಿಯೆನ್ನುವುದು ಹೇಗೆ? ಆಕ್ಷೇಪದಲ್ಲಿ ಸತ್ಯಾಂಶವಿದೆ. 1952ರಲ್ಲಿ ಆಕಾಶವಾಣಿ ತನ್ನ ‘ವಾದ್ಯವೃಂದ’ವನ್ನು ಕಟ್ಟಿ ರವಿಶಂಕರರಂಥವರನ್ನು ಅದರ ಮುಂದೆ ನಿಲ್ಲಿಸಿದಾಗ ಎದುರಾದ ತೊಡಕೂ ಇದೇ ಆಗಿತ್ತು. ರಾಗದ ಸೂಕ್ಷ್ಮವಾದ ಗಮಕ, ಮೀಂಡುಗಳನ್ನು ಇಪ್ಪತ್ತು ಕೈಗಳು ಒಂದೇ ಸಮನೆ ಮೂಡಿಸುವುದು ಸುಲಭವಲ್ಲ.

ಆದರೆ ಶಾಸ್ತ್ರೀಯ ಸಭೆಯೊಂದೇ ನಮ್ಮ ಸಂಗೀತವಲ್ಲವಷ್ಟೆ. ನಮ್ಮ ಭಾಗದ ಜಾತ್ರೆಗಳಲ್ಲಿ ಕೇಳುವ ಕರಡಿ ಮಜಲನ್ನು ನೆನೆಯಿರಿ. ಕರಡಿಯೆಂಬ ಚರ್ಮವಾದ್ಯ, ಸನಾದಿ, ಶ್ರುತಿ, ತಾಳಗಳು ಕೂಡಿದ ಆ ಮೇಳ ಹಳ್ಳಿಯ ಅಪ್ಪಟ ವಾದ್ಯವೃಂದ. ಸನಾದಿಯವನು ರಾಗ ಬೆಳೆಸುತ್ತಾನೆ; ಕರಡಿಯವನು ಅದಕ್ಕೆ ಎದುರುಮಾತು ಕೊಡುತ್ತಾನೆ; ಶ್ರುತಿ ಹಿಡಿದವನು ಒಂದೇ ಸ್ವರವನ್ನು ಕಡೆತನಕ ಕಾಯುತ್ತಾನೆ. ನೆರೆದವರು ಶಹಬ್ಬಾಸ್ ಎನ್ನುವುದು ಸನಾದಿಗೆ. ಆದರೆ ಆ ಒಂದು ಸ್ವರ ನಿಂತುಹೋದರೆ ಸನಾದಿಗೆ ನೆಲೆಯೇ ಇಲ್ಲ. 1947ರಲ್ಲಿ ಕೆಂಪುಕೋಟೆಯಲ್ಲಿ ಶಹನಾಯಿ ನುಡಿಸಿದ ಬಿಸ್ಮಿಲ್ಲಾ ಖಾನರೇ 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೂ ನುಡಿಸಿದರೆಂಬುದನ್ನು ನೆನೆದರೆ, ದಿಲ್ಲಿಯ ಕೋಟೆಗೂ ನಮ್ಮ ಹಳ್ಳಿಯ ಅಗಸೆಗೂ ನಡುವೆ ದೂರ ಬಹಳವಿಲ್ಲ.

ಇನ್ನು ಪಶ್ಚಿಮದ ಪದ್ಧತಿಯನ್ನು ನಮ್ಮದಾಗಿಸಿಕೊಳ್ಳಲು ಬೆವರು ಸುರಿಸಿದವರೂ ಇದ್ದಾರೆ. ನೆರೆಯ ಗೋವೆಯ ಮಜೋರ್ಡಾದ ಕಥೋಲಿಕ ಕುಟುಂಬದಲ್ಲಿ ಹುಟ್ಟಿದ ಆಂಥೋನಿ ಗೊನ್ಸಾಲ್ವಿಸ್ ಮುಂಬಯಿಯ ಚಿತ್ರರಂಗದಲ್ಲಿ ಪಿಟೀಲು ವಾದಕರಾಗಿ, ಅನೇಕರಿಗೆ ಗುರುವಾಗಿ ದುಡಿದರು. 1958ರಲ್ಲಿ ಅವರು ಕಟ್ಟಿದ ವಾದ್ಯವೃಂದದ ಹೆಸರು ‘ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ’. ರಾಗಗಳನ್ನು ಪಾಶ್ಚಾತ್ಯ ವಾದ್ಯಗಳ ದೊಡ್ಡ ಮೇಳಕ್ಕೆ ಹೊಂದಿಸಿದ ಆ ಕೃತಿಗಳಿಗೆ ಲತಾ ಮಂಗೇಶ್ಕರ್, ಮನ್ನಾ ಡೇ ದನಿಗೂಡಿಸಿದ್ದರು. ಆ ಪ್ರಯತ್ನ ಬಹುಕಾಲ ನಡೆಯಲಿಲ್ಲ. ಶಿಷ್ಯ ಪ್ಯಾರೇಲಾಲ್ 1977ರ ‘ಅಮರ್ ಅಕ್ಬರ್ ಆಂಥೋನಿ’ಯ ಹಾಡೊಂದರಲ್ಲಿ ಗುರುವಿನ ಹೆಸರನ್ನೇ ಮೊಳಗಿಸಿದರು. ಜನ ಆ ಹಾಡಿಗೆ ಕುಣಿದರು; ಆ ಹೆಸರಿನ ಹಿಂದಿದ್ದ ಕನಸನ್ನು ಅರಿತವರು ಕೆಲವರೇ.

ಕೃಷ್ಣೆಯ ದಂಡೆಯಿಂದ ಬೆಳಗಾವಿಗೆ

ಸಂಗೀತ ಜನರ ಸೊತ್ತಾಗದೆ ಜನರ ಬಿಡುಗಡೆಯನ್ನು ಹಾಡಲಾರದು. ಈ ಮಾತನ್ನು ಬದುಕಿ ತೋರಿದವರೊಬ್ಬರು ನಮ್ಮ ಮಗ್ಗುಲಲ್ಲೇ ಹುಟ್ಟಿದರು. ಚಿಕ್ಕೋಡಿ ಸೀಮೆಗೆ ಸಮೀಪದ ಕುರುಂದವಾಡದಲ್ಲಿ 1872ರಲ್ಲಿ ಜನಿಸಿದ ವಿಷ್ಣು ದಿಗಂಬರ ಪಲುಸ್ಕರರು ಎಳವೆಯಲ್ಲೇ ಪಟಾಕಿಯ ಅವಘಡದಿಂದ ದೃಷ್ಟಿ ಕಳೆದುಕೊಂಡರು. ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜಿಕರರ ಬಳಿ ಕಲಿತರು. 1901ರಲ್ಲಿ ಲಾಹೋರಿನಲ್ಲಿ ಅವರು ತೆರೆದ ಗಾಂಧರ್ವ ಮಹಾವಿದ್ಯಾಲಯ ಅರಸರ ಆಸರೆಗಿಂತ ಸಾರ್ವಜನಿಕರ ನೆರವನ್ನು ನಂಬಿತು. ಕಲಿಕೆ ಎಲ್ಲರಿಗೂ ಎಟುಕಲೆಂದು ಸ್ವರಲಿಪಿ ರೂಪಿಸಿ ಪುಸ್ತಕಗಳನ್ನು ಅಚ್ಚುಹಾಕಿಸಿದರು. ಕಾಂಗ್ರೆಸ್ ಅಧಿವೇಶನಗಳಲ್ಲಿ ದೇಶಗೀತೆ ಹಾಡಿದರು. ಅರಮನೆಯ ಹಂಗಿನಲ್ಲಿದ್ದ ಕಲೆಯನ್ನು ಅವರು ಬೀದಿಯ ಸಭೆಗೆ ತಂದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ವೀಣೆ ಶೇಷಣ್ಣನವರ ವೀಣೆ ಅಲ್ಲಿ ನುಡಿಯಿತು. ಹುಯಿಲಗೋಳ ನಾರಾಯಣರಾಯರು ಬರೆದ, ಕನ್ನಡ ನಾಡಿನ ಉದಯವನ್ನು ಹಾರೈಸುವ ಗೀತೆ ಮೊಳಗಿತು. ಹನ್ನೊಂದರ ಹರೆಯದ ಗಂಗೂಬಾಯಿ ಹಾನಗಲ್ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿ ಮೆಚ್ಚುಗೆ ಪಡೆದರು. ಇಷ್ಟನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ.

ಆದರೆ ಗಂಗೂಬಾಯಿಯವರೇ ಮುಂದೆ ಹೇಳಿಕೊಂಡ ಇನ್ನೊಂದು ನೆನಪನ್ನೂ ನಾವು ಕೇಳಬೇಕು. ಹಾಡುವ ಸಂತಸದೊಂದಿಗೆ ಆ ಬಾಲಕಿಯ ಎದೆಯಲ್ಲಿ ಒಂದು ಅಳುಕಿತ್ತು: ಹುಟ್ಟಿನ ಕುಲದ ಕಾರಣಕ್ಕಾಗಿ, ಊಟ ಮುಗಿದ ಮೇಲೆ ಎಂಜಲೆಲೆ ಎತ್ತಲು ತನ್ನನ್ನು ಕರೆದಾರೇನೋ ಎಂದು. ನಾಡಿನ ಬಿಡುಗಡೆಯನ್ನು ಹಾಡಿದ ಕೊರಳಿಗೇ ಪಂಕ್ತಿಯಲ್ಲಿ ತನ್ನ ಸ್ಥಾನದ ಭರವಸೆ ಇರಲಿಲ್ಲ. ಮರುವರ್ಷ, 1925ರಲ್ಲಿ, ಡಾ. ಅಂಬೇಡ್ಕರ್ ನಮ್ಮ ನಿಪ್ಪಾಣಿಗೇ ಬಂದು ಬಹಿಷ್ಕೃತ ವರ್ಗಗಳ ಸಮ್ಮೇಳನದಲ್ಲಿ ಮಾತನಾಡಿದರು. ಬೆಳಗಾವಿಯ ಹಾಡು ಬಿಟ್ಟ ತೆರಪನ್ನು ನಿಪ್ಪಾಣಿಯ ಮಾತು ತೋರಿಸಿತೆನ್ನಬಹುದು. ನಮ್ಮ ಹಳ್ಳಿಗಳಲ್ಲೂ ಹಲಗಿಯಿಲ್ಲದೆ ಮೆರವಣಿಗೆ ಹೊರಟದ್ದುಂಟೇ? ಆದರೆ ಹಲಗಿ ಬಡಿದವನು ಎಷ್ಟು ಕಾಲ ಗುಡಿಯ ಹೊರಗೇ, ಮನೆಯ ಅಂಗಳದಾಚೆಯೇ ನಿಂತ! ಅವನ ವಾದ್ಯ ಬೇಕು, ಅವನು ಬೇಡವೆಂಬ ವೃಂದದಲ್ಲಿ ನಾದವಿರಬಹುದು, ಐಕ್ಯವಿಲ್ಲ. ನಮ್ಮ ಧರ್ಮಸಭೆಯೂ ಈ ಪಾಪದಿಂದ ಪೂರ್ತಿ ಮುಕ್ತವಾಗಿತ್ತೆಂದು ಹೇಳುವ ಧೈರ್ಯ ಈ ಲೇಖನಿಗಿಲ್ಲ.

ಒಂದೇ ಸಂಗೀತ, ಎರಡು ಒಡೆಯರು

ಹೊರಜಗತ್ತಿನ ಒಂದೆರಡು ನಿದರ್ಶನಗಳು ನಮ್ಮ ವಿಮರ್ಶೆಗೆ ನೆರವಾಗುತ್ತವೆ. 1899ರಲ್ಲಿ ಫಿನ್ಲೆಂಡ್ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು; ಪತ್ರಿಕೆಗಳ ಬಾಯಿ ಕಟ್ಟಲಾಗಿತ್ತು. ಪತ್ರಿಕೆಗಳ ಬೆಂಬಲಕ್ಕೆಂದು ಏರ್ಪಟ್ಟ ಸಮಾರಂಭವೊಂದಕ್ಕೆ ಜಾನ್ ಸಿಬೇಲಿಯಸ್ ಬರೆದ ಸಂಗೀತದ ಕೊನೆಯ ಭಾಗವೇ ‘ಫಿನ್ಲಾಂಡಿಯಾ’ ಆಯಿತು. ಅದರಲ್ಲಿ ಪದಗಳಿಲ್ಲ. ಹಿತ್ತಾಳೆ ವಾದ್ಯಗಳ ಗುಡುಗಿನಿಂದ ಆರಂಭವಾಗುವ ಆ ಕೃತಿ, ನಡುವೆ ಇದ್ದಕ್ಕಿದ್ದಂತೆ ಪ್ರಾರ್ಥನೆಯಷ್ಟು ಶಾಂತವಾದ ರಾಗಕ್ಕೆ ಬರುತ್ತದೆ. ಆಳುವವರು ಅನುಮಾನಿಸಿದ್ದರಿಂದ ಬೇರೆ ಹೆಸರುಗಳಲ್ಲಿ ಅದನ್ನು ನುಡಿಸಬೇಕಾಯಿತು. ಮುಂದೆ ಆ ಶಾಂತ ರಾಗಕ್ಕೆ ಭಕ್ತಿಗೀತೆಯ ಪದಗಳು ಸೇರಿ, ಅದು ಲೋಕದ ಅನೇಕ ಚರ್ಚುಗಳಲ್ಲಿ ಇಂದಿಗೂ ಹಾಡಾಗಿದೆ. ಗಮನಿಸಿ: ಜನತೆಯ ನೆನಪಿನಲ್ಲಿ ಉಳಿದದ್ದು ಗುಡುಗಿಗಿಂತ ಹೆಚ್ಚಾಗಿ ಆ ಪ್ರಾರ್ಥನೆ.

ಬೆಥೋವನನ ಒಂಬತ್ತನೆಯ ಸಿಂಫನಿಯ ಕಥೆ ಇನ್ನೂ ಕಠಿಣವಾದ ಪಾಠ. ಮಾನವರೆಲ್ಲ ಸೋದರರಾಗಲೆಂದು ಹಾರೈಸುವ ಆ ಕೃತಿಯನ್ನು 1942ರ ಏಪ್ರಿಲಿನಲ್ಲಿ ಹಿಟ್ಲರನ ಹುಟ್ಟುಹಬ್ಬದ ಮುನ್ನಾದಿನ ಬರ್ಲಿನಿನಲ್ಲಿ ನುಡಿಸಲಾಯಿತು. ಅದೇ ಊರಿನಲ್ಲಿ, ಗೋಡೆ ಬಿದ್ದ ಬಳಿಕ, 1989ರ ಕ್ರಿಸ್ಮಸ್ ದಿನ ಲೆನರ್ಡ್ ಬರ್ನ್‌ಸ್ಟೈನ್ ಎರಡೂ ಜರ್ಮನಿಗಳ ಹಾಗೂ ಹಿಂದೆ ಪರಸ್ಪರ ಹೋರಾಡಿದ ದೇಶಗಳ ವಾದಕರನ್ನು ಒಟ್ಟಿಗೆ ಕೂರಿಸಿ ಅದನ್ನೇ ನುಡಿಸಿದರು. ‘ಆನಂದ’ ಎಂಬ ಪದವಿದ್ದಲ್ಲಿ ‘ಸ್ವಾತಂತ್ರ್ಯ’ ಎಂದು ಹಾಡಿಸಿದರು. ಸ್ವರಗಳು ಬದಲಾಗಲಿಲ್ಲ. ಯಾರು ಕೂಡಿ ಕುಳಿತರು, ಯಾರ ಮುಂದೆ, ಯಾವ ಉದ್ದೇಶಕ್ಕೆ ಎಂಬುದು ಬದಲಾಯಿತು. ದೊಡ್ಡ ಸಂಗೀತ ತನ್ನಷ್ಟಕ್ಕೆ ತಾನೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡಲಾರದು.

ಪವಿತ್ರ ಗ್ರಂಥ ಈ ಎಚ್ಚರವನ್ನು ಬಹಳ ಹಿಂದೆಯೇ ನಮಗೆ ಕೊಟ್ಟಿದೆ. ದಾನಿಯೇಲನ ಗ್ರಂಥದ 3ನೇ ಅಧ್ಯಾಯವನ್ನು ತೆರೆದು ನೋಡಿ. ಅರಸ ನೆಬೂಕದ್ನೆಚ್ಚರನ ಬಳಿ ಒಂದು ಭಾರಿ ವಾದ್ಯವೃಂದವಿತ್ತು. ಕೊಂಬು, ಕೊಳಲು, ತಂತಿವಾದ್ಯಗಳ ಆ ಪಟ್ಟಿಯನ್ನು ಗ್ರಂಥಕರ್ತ ನಾಲ್ಕು ಬಾರಿ ಹೇಳುತ್ತಾನೆ. ವಾದ್ಯಗಳು ಮೊಳಗಿದ ಕೂಡಲೇ ಎಲ್ಲ ಜನಾಂಗಗಳವರೂ ಚಿನ್ನದ ಪ್ರತಿಮೆಗೆ ಅಡ್ಡಬೀಳಬೇಕು. ತಪ್ಪಿದರೆ ಬೆಂಕಿಯ ಕುಲುಮೆ. ಒಗ್ಗಟ್ಟು ಸಂಪೂರ್ಣವಾಗಿತ್ತು, ಬಿಡುಗಡೆ ಎಳ್ಳಷ್ಟೂ ಇರಲಿಲ್ಲ. ಮೂವರು ಯುವಕರು ಮಾತ್ರ ನಿಂತೇ ಇದ್ದರು. ಕುಲುಮೆಗೆ ತಳ್ಳಿದಾಗ ಅವರು ಸುಮ್ಮನಿರಲಿಲ್ಲ. ಸೂರ್ಯ, ಚಂದ್ರ, ಮಳೆ, ಮಂಜು, ಬೆಟ್ಟ, ನದಿಗಳನ್ನೆಲ್ಲ ಕರೆದು ದೇವರನ್ನು ಹಾಡಿ ಹೊಗಳಿದರೆಂದು ನಮ್ಮ ಕಥೋಲಿಕ ಬೈಬಲ್ ಹೇಳುತ್ತದೆ. ಅರಸನ ವೃಂದಕ್ಕೆ ಎದುರಾಗಿ ಬೆಂಕಿಯೊಳಗೆ ಹುಟ್ಟಿದ ಮೂರೇ ಕೊರಳಿನ ವೃಂದ! ಜಗತ್ತಿನಲ್ಲಿ ಉಳಿದದ್ದು ಅವರ ಹಾಡು.

ಈ ಅಧ್ಯಾಯವನ್ನು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿನ ಪಕ್ಕದಲ್ಲಿಟ್ಟು ಓದಬಹುದು. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದ ಮಕ್ಕಳು ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ವಿಶ್ವಾಸದ ಕಾರಣ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್ 11ರಂದು ನ್ಯಾಯಾಲಯವು ಆ ಮಕ್ಕಳ ಪರವಾಗಿ ತೀರ್ಪಿತ್ತು, ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ನಾವು ಆ ಪಂಥದವರಲ್ಲ. ನಾವು ರಾಷ್ಟ್ರಗೀತೆಯನ್ನು ಮನಸಾರೆ ಹಾಡುತ್ತೇವೆ, ಹಾಡಬೇಕು. ಆದರೂ ಆ ತೀರ್ಪು ನಮ್ಮ ಹಾಡಿನ ಬೆಲೆಯನ್ನು ಹೆಚ್ಚಿಸಿತು. ಅಂಜಿ ಹಾಡಿದ ಹಾಡು ಕಂದಾಯ ಕಟ್ಟಿದಂತೆ. ಒಲಿದು ಹಾಡಿದ ಹಾಡು ಕಾಣಿಕೆ. 1923ರ ಕಾಕಿನಾಡ ಅಧಿವೇಶನದಲ್ಲಿ ಪಲುಸ್ಕರರು ‘ವಂದೇ ಮಾತರಂ’ ಹಾಡಲು ತೊಡಗಿದಾಗ ಅಧ್ಯಕ್ಷ ಮೌಲಾನಾ ಮಹಮ್ಮದ್ ಅಲಿ ತಮ್ಮ ಧರ್ಮಶ್ರದ್ಧೆಯ ಕಾರಣಕ್ಕೆ ಆಕ್ಷೇಪಿಸಿದರು. ಪಲುಸ್ಕರರು ನಿಲ್ಲಿಸದೆ ಹಾಡಿ ಮುಗಿಸಿದರು. ಒಬ್ಬರಿಗೆ ಅದು ಉಸಿರು, ಇನ್ನೊಬ್ಬರ ಮನಸ್ಸಾಕ್ಷಿಗೆ ಭಾರ. ಇಬ್ಬರೂ ದೇಶಭಕ್ತರೇ. ಒಂದೇ ವೃಂದದಲ್ಲಿ ಇಬ್ಬರಿಗೂ ಆಸನ ಹಾಕುವ ಕಷ್ಟದ ಕೆಲಸವೇ ಸ್ವತಂತ್ರ ದೇಶವನ್ನು ಕಟ್ಟುವ ಕೆಲಸ.

ಗಡಿ ಕಾಣದ ನಾದ

1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ನಮ್ಮ ತಾಲ್ಲೂಕುಗಳ ಪಡುವಣ ಅಂಚು ಎರಡು ರಾಜ್ಯಗಳ ಮೇರೆಯಾಯಿತು. ಭಾಷೆಯ ಹೆಸರಿನಲ್ಲಿ ಎದ್ದ ಕಾವನ್ನು ಇಲ್ಲಿನ ಮನೆಮನೆಯೂ ಕಂಡಿದೆ. ನಾದ ಮಾತ್ರ ಆ ಮೇರೆಯನ್ನು ಕಂಡಂತಿಲ್ಲ. ಕಾಗವಾಡದಿಂದ ಕೂಗಳತೆಯ ಮಿರಜಿನಲ್ಲಿ ತಯಾರಾದ ತಂಬೂರಿ ಧಾರವಾಡದ ಗಾಯಕರ ಬೆನ್ನ ಹಿಂದೆ ನುಡಿಯುತ್ತದೆ. ಗದುಗಿನ ನೆಲದ ಭೀಮಸೇನ ಜೋಶಿ ಪುಣೆಯಲ್ಲಿ ನೆಲೆಸಿ ಕನ್ನಡ ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಒಂದೇ ಭಕ್ತಿಯಿಂದ ಹಾಡಿದರು. 1988ರ ಆಗಸ್ಟ್ 15ರಂದು ದೂರದರ್ಶನ ಮೊದಲು ಬಿತ್ತರಿಸಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಅವರ ದನಿಯಿಂದಲೇ ತೆರೆಯುತ್ತದೆ. ಬಳಿಕ ಕನ್ನಡವೂ ಮರಾಠಿಯೂ ಸೇರಿ ದೇಶದ ಹಲವು ಭಾಷೆಗಳು ಒಂದರ ಹಿಂದೊಂದು ಬಂದು ಕೂಡುತ್ತವೆ. ಯಾವ ಭಾಷೆಯೂ ಇನ್ನೊಂದರ ದನಿಯನ್ನು ಅಡಗಿಸದೆ ತನ್ನ ಸರದಿ ಬಂದಾಗ ನುಡಿಯುತ್ತದೆ.

ಮಿರಜಿನ ವಾದ್ಯಗಳ ಹಿಂದೆ ಇನ್ನೊಂದು ಸೊಗಸಾದ ಸಂಗತಿಯಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ಸಿತಾರ್, ತಂಬೂರಿ ಮಾಡುವ ಕಸುಬನ್ನು ಆರಂಭಿಸಿದ ಫರೀದಸಾಹೇಬ್ ಶಿಕಲಗಾರರದು ಆಯುಧಗಳಿಗೆ ಸಾಣೆ ಹಿಡಿಯುವ ಮನೆತನ. ಕತ್ತಿಗೆ ಹೊಳಪು ಕೊಟ್ಟ ಕೈಗಳು ಸೋರೆ ಬುರುಡೆಗೆ ತಂತಿ ಬಿಗಿದವು. 2024ರಲ್ಲಿ ಆ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಖಡ್ಗಗಳು ನೇಗಿಲಿನ ಗುಳಗಳಾಗುವ ದಿನವನ್ನು ಪ್ರವಾದಿ ಯೆಶಾಯ ಕಂಡ. ಕತ್ತಿಯ ಕಸುಬು ತಂಬೂರಿಯ ಕಸುಬಾದದ್ದನ್ನು ನಮ್ಮ ನೆರೆಯೂರು ಕಂಡಿತು.

ನಮ್ಮ ದೇವಾಲಯದ ವೃಂದ

ಇಷ್ಟು ದೂರ ಬಂದ ಮೇಲೆ ನಮ್ಮ ಧರ್ಮಕೇಂದ್ರದ ಗಾನವೃಂದದ ಕಡೆಗೆ ತಿರುಗದೆ ಇರಲಾಗದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಪವಿತ್ರ ಉಪಾಸನೆಯ ಸಂವಿಧಾನವು, ತಮ್ಮದೇ ಸಂಗೀತ ಪರಂಪರೆಯುಳ್ಳ ಜನಾಂಗಗಳಲ್ಲಿ ಆ ಸಂಗೀತಕ್ಕೆ ತಕ್ಕ ಗೌರವವನ್ನೂ ಆರಾಧನೆಯಲ್ಲಿ ಎಡೆಯನ್ನೂ ಕೊಡಬೇಕೆಂದಿತು. ಈ ಬಾಗಿಲು ತೆರೆದು ಅರವತ್ತು ವರ್ಷಗಳು ಮೀರಿವೆ. ಬಾಗಿಲಿನೊಳಗೆ ಬಂದದ್ದೇನು? ಹಾರ್ಮೋನಿಯಂ, ತಬಲಾ ಬಂದವು, ಸಂತೋಷ. ಬಳಿಕ ಕೀಬೋರ್ಡ್ ಬಂತು. ಈಗ ಎಷ್ಟೋ ಕಡೆ ಒಬ್ಬನೇ ಒಬ್ಬ ಯುವಕ ಗುಂಡಿಯೊತ್ತಿದರೆ ಪಿಟೀಲು, ಕೊಳಲು, ತಬಲಾ, ಕಹಳೆಗಳೆಲ್ಲ ಅದರೊಳಗಿಂದಲೇ ಹೊಮ್ಮುತ್ತವೆ. ತಪ್ಪಿಲ್ಲದ ತಾಳ, ದಣಿಯದ ಲಯ. ಆದರೆ ತಬಲಾ ಬಾರಿಸುತ್ತಿದ್ದ ಹಿರಿಯರು ಹಿಂದಿನ ಬೆಂಚಿನಲ್ಲಿದ್ದಾರೆ; ತಾಳ ಹಾಕುತ್ತಿದ್ದ ಹುಡುಗನ ಕೈ ಬರಿದಾಗಿದೆ. ಯಂತ್ರವನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ಬಡ ಧರ್ಮಕೇಂದ್ರಕ್ಕೆ ಅದು ನೆರವೇ ಸರಿ. ಆದರೆ ವಾದ್ಯಗಳ ಧ್ವನಿಯಿದ್ದು ವಾದಕರಿಲ್ಲದ ವೃಂದ, ಜನರಿಲ್ಲದ ನಾಡಿನಂತೆ. ಒಬ್ಬರ ತಪ್ಪನ್ನು ಇನ್ನೊಬ್ಬರು ಸಹಿಸಿ, ಒಬ್ಬರಿಗಾಗಿ ಇನ್ನೊಬ್ಬರು ಕಾದು, ಸಂಜೆಯ ಅಭ್ಯಾಸಕ್ಕೆ ಎರಡು ಮೈಲಿ ನಡೆದು ಬರುವುದರಲ್ಲೇ ಐಕ್ಯದ ಶಿಕ್ಷಣವಿತ್ತು. ಅದನ್ನು ಗುಂಡಿ ಕೊಡಲಾರದು.

ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಎರಡು ಮಾತುಗಳನ್ನು ಹತ್ತಿರಹತ್ತಿರವೇ ಇಟ್ಟಿದ್ದಾನೆ. 12ನೇ ಅಧ್ಯಾಯದಲ್ಲಿ, ದೇಹಕ್ಕೆ ಅಂಗಗಳು ಹಲವು, ಯಾವುದೂ ಇನ್ನೊಂದನ್ನು ಬೇಡವೆನ್ನಲಾಗದು ಎನ್ನುತ್ತಾನೆ. 14ನೇ ಅಧ್ಯಾಯದಲ್ಲಿ, ಕೊಳಲಾಗಲಿ ತಂತಿಯಾಗಲಿ ತನ್ನ ಸ್ವರವನ್ನು ಸ್ಪಷ್ಟವಾಗಿ ನುಡಿಸದಿದ್ದರೆ ಕೇಳುವವರಿಗೆ ಏನೂ ತಿಳಿಯದು ಎನ್ನುತ್ತಾನೆ. ಎರಡನ್ನೂ ಕೂಡಿಸಿ ಓದಿದರೆ ವಾದ್ಯವೃಂದದ ನಿಯಮವೇ ಆಯಿತು: ತನ್ನ ಸ್ವರವನ್ನು ಬಿಟ್ಟುಕೊಡದಿರುವುದು ಸ್ವಾತಂತ್ರ್ಯ, ಇನ್ನೊಬ್ಬರ ಸ್ವರಕ್ಕೆ ಕಿವಿಗೊಡುವುದು ಐಕ್ಯ. ಒಂದನ್ನು ಬಿಟ್ಟರೆ ಗದ್ದಲ, ಇನ್ನೊಂದನ್ನು ಬಿಟ್ಟರೆ ನೆಬೂಕದ್ನೆಚ್ಚರನ ಆಸ್ಥಾನ.

ಪ್ರಿಯ ಓದುಗರೇ, ಮುಂದಿನ ಆಗಸ್ಟ್ 15 ನಮ್ಮ ತಾಯಿ ಮರಿಯಳ ಸ್ವರ್ಗಾರೋಹಣದ ಹಬ್ಬವೂ ಹೌದು. ಬಲಿಪೂಜೆಗೆ ಬರುವಾಗ ಮನೆಯ ಅಟ್ಟದ ಮೇಲೆ ಧೂಳು ಹಿಡಿದ ತಾಳವೋ ಕೊಳಲೋ ದಿಮ್ಮಡಿಯೋ ಇದ್ದರೆ ಕೆಳಗಿಳಿಸಿ ತನ್ನಿ. ಕನ್ನಡದ ಒಂದು ಗೀತೆಯ ಜೊತೆಗೆ ಮರಾಠಿಯ ಒಂದು ಗೀತೆಯೂ ಇರಲಿ. ಹಲಗಿ ಬಲ್ಲವರಿದ್ದರೆ ಅವರನ್ನು ದೇವಾಲಯದ ಒಳಗೆ, ಮುಂದಿನ ಸಾಲಿಗೆ ಕರೆಯಿರಿ. ತಾಳ ಒಂದೆರಡು ಕಡೆ ತಪ್ಪೀತು, ತಪ್ಪಲಿ. ಆಮೇಲೆ ಅಂಗಳದಲ್ಲಿ ಧ್ವಜ ಬಿಚ್ಚಿಕೊಂಡು 52 ಸೆಕೆಂಡುಗಳ ಆ ಧಾಟಿ ಮೇಲೇರುವಾಗ, ಪಕ್ಕದಲ್ಲಿ ನಿಂತವರ ದನಿಯನ್ನೂ ಒಮ್ಮೆ ಆಲಿಸಿ ನೋಡಿ.